ಮಳೆಗೆ ಮೊದಲು ಕಡಿದ ಮಾವು

ವಾರಿಜಕ್ಕನಷ್ಟು ಹೆದರುವ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಎರ್ಮಾಳಿನ ಕಡಲ ಬದಿಯಲ್ಲಿ ಹುಟ್ಟಿ, ಅಲ್ಲಿಯೇ ಮದುವೆಯಾಗಿ, ದಿನವೂ ದಡದಿಂದ ಮೀನು ಹೊತ್ತು ಮಾರಿದವಳು. ಆದರೂ ಅಲೆ ಸ್ವಲ್ಪ ಜೋರಾಗಿ ಬಡಿದರೆ ಬುಟ್ಟಿ ಎತ್ತಿಕೊಂಡು ಹಿಂದಕ್ಕೆ ಓಡುತ್ತಿದ್ದಳು. ಹಲ್ಲಿ ಲೊಚಗುಟ್ಟಿದರೆ ಹೊರಟವಳು ಮತ್ತೆ ಕುಳಿತುಕೊಳ್ಳುತ್ತಿದ್ದಳು. ನನ್ನ ಕಾರಿಗೆ ಹತ್ತಿದರೆ ಬಾಗಿಲು ಎಲ್ಲಿ ತೆರೆದುಕೊಳ್ಳುತ್ತದೋ ಎಂದು ಅದನ್ನು ಎರಡೂ ಕೈಯಲ್ಲಿ ಹಿಡಿದೇ ಇರುತ್ತಿದ್ದಳು. "ವಾರಿಜಕ್ಕ, ಬಾಗಿಲು ನೀವು ಹಿಡಿದುಕೊಳ್ಳಿ, ಕಾರು ನಾನು ಹಿಡಿದುಕೊಳ್ಳುತ್ತೇನೆ" ಎಂದು ತಮಾಷೆ ಮಾಡಿದರೆ ಅವಳಿಗೆ ನಗು ಬರುತ್ತಿರಲಿಲ್ಲ.

ನನ್ನ ಹೆಸರು ಇಮ್ಯಾನುಯೆಲ್. ಉಚ್ಚಿಲದಲ್ಲಿ ಹೆದ್ದಾರಿಯ ಬದಿಗೆ ನನ್ನ ಅಂಬಾಸಿಡರ್ ಬಾಡಿಗೆಗೆ ನಿಲ್ಲುತ್ತಿತ್ತು. ತುಳು ಮಾತನಾಡುವವರಿಗೆ ನಾವು ಕ್ರಿಶ್ಚಿಯನ್ನರೆಲ್ಲ ಪೊರ್ಬುಗಳು, ವಾರಿಜಕ್ಕನೂ ನನ್ನನ್ನು ಹಾಗೆಯೇ ಕರೆಯುತ್ತಿದ್ದಳು. ಎಂಬತ್ತಮೂರನೆಯ ಇಸವಿಯಲ್ಲಿ ಅವಳು ಮಾಡಿದ ಒಂದು ಕೆಲಸದ ಬಗ್ಗೆ ಊರಿನಲ್ಲಿ ಎರಡು ಮಾತುಗಳಿವೆ. ಗಂಡನ ಮೈಯಲ್ಲಿ ಉಸಿರಿರುವಾಗಲೇ ಅವನ ಕಟ್ಟಿಗೆ ಕಡಿಸಿದ ರಾಕ್ಷಸಿ ಎಂದು ಕೆಲವರು. ಯಮನಿಗೇ ಮಂಕುಬೂದಿ ಎರಚಿದ ಜಾಣೆ ಎಂದು ಇನ್ನು ಕೆಲವರು. ಊರ ಬಾಯಿಗೆ ಬೀಗ ಹಾಕಲು ಆಗುವುದಿಲ್ಲ, ನಿಜ. ಆದರೆ ಆ ದಿನ ಕಾರು ಓಡಿಸಿದವನು ನಾನು. ಅವಳು ರಾಕ್ಷಸಿಯೂ ಅಲ್ಲ, ಜಾಣೆಯೂ ಅಲ್ಲ. ಅವಳಿಗೆ ಹೆದರಿಕೆಯಾಗಿತ್ತು, ಅಷ್ಟೆ.

ಅವಳ ಗಂಡ ಧರ್ಮಪಾಲ, ನಮಗೆಲ್ಲ ಧರ್ಮಣ್ಣ. ದಡದಲ್ಲಿ ನಿಂತು ರಂಪಣಿ ಬಲೆ ಎಳೆಯುವವರಲ್ಲಿ ಒಬ್ಬ. ಯಂತ್ರದ ದೋಣಿಗಳು ಬಂದು ಮೀನೆಲ್ಲ ಅತ್ತಲೇ ಬಾಚಿಕೊಂಡು ಹೋದ ಮೇಲೆ ಬಲೆ ಮೂಲೆ ಸೇರಿತು, ಧರ್ಮಣ್ಣ ಹಿತ್ತಿಲು ಸೇರಿದ. ಮರ ಬೆಳೆಸುವ ಹುಚ್ಚು ಅವನಿಗೆ ಮೊದಲಿನಿಂದಲೂ ಇತ್ತು, ಕೈ ಖಾಲಿಯಾದ ಮೇಲೆ ಅದೇ ಕಸುಬಾಯಿತು. ಹಣ್ಣಿಗಾಗಿ ಅಲ್ಲ. "ಹಣ್ಣಿಗೆ ನೆಡುವುದು ಕಾಗೆಗಳಿಗೆ ಊಟ ಹಾಕಿದ ಹಾಗೆ" ಎನ್ನುತ್ತಿದ್ದ. ಅವನು ನೆಡುತ್ತಿದ್ದದ್ದು ಮರಕ್ಕಾಗಿ, ಅಂದರೆ ಕಟ್ಟಿಗೆಗೆ, ಹಲಗೆಗೆ, ಕಂಬಕ್ಕೆ. ಬೇಲಿಯ ಉದ್ದಕ್ಕೂ ಗಾಳಿಮರ, ಮಾಡಿನ ಪಕ್ಕಾಸಿಗೆ. ಹಿಂದುಗಡೆ ಹೊನ್ನೆ, ದೋಣಿ ಕಟ್ಟುವವರಿಗೆ. ಬಾವಿಯ ಹತ್ತಿರ ಹೆಬ್ಬಲಸು, ಬಾಗಿಲ ದಾರಂದಕ್ಕೆ. ಯಾವ ಗಿಡಕ್ಕೂ ನೆಡುವ ದಿನವೇ ಕೆಲಸ ಗೊತ್ತುಮಾಡಿಡುತ್ತಿದ್ದ. ಮಗಳು ಗುಣವತಿ ತೊಟ್ಟಿಲಲ್ಲಿರುವಾಗ ನೆಟ್ಟ ಹಲಸು ಅವಳ ಮದುವೆಗೆ ಮಂಚವಾಗಿ ಕಾಪುವಿಗೆ ಹೋಯಿತು. ಮನೆಗೆ ಬಂದವರಿಗೆ ಹಿತ್ತಿಲು ತೋರಿಸುವಾಗ, "ಇದು ಬಾಗಿಲು, ಇದು ಪಕ್ಕಾಸು" ಎಂದು ಹೇಳುತ್ತಾ ಬಂದು, ಅಂಗಳದ ಅಂಚಿನ ಕಾಡುಮಾವಿನ ಬುಡಕ್ಕೆ ಒಮ್ಮೆ ಕೈಯಿಂದ ತಟ್ಟಿ, "ಇದು ನಾನು" ಎನ್ನುತ್ತಿದ್ದ.

ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಒಬ್ಬ ಸತ್ತರೆ ಆಚಾರಿ ಬಂದು ನಾಲ್ಕು ಹಲಗೆ ಜೋಡಿಸಿದರೆ ಆಯಿತು. ಅವರಲ್ಲಿ ಹಿತ್ತಿಲಿನ ಒಂದು ಮಾವು ಹೋಗಬೇಕು. ಮನೆಯಲ್ಲಿ ಜೀವ ಹೋದ ಕೂಡಲೇ ಮಾವಿಗೆ ಕೊಡಲಿ ಬೀಳುತ್ತದೆ, ಆ ಕಟ್ಟಿಗೆಯಲ್ಲಿಯೇ ಚಿತೆ. ಹಾಗಾಗಿ ನಮಗೆ ಇಗರ್ಜಿಯ ಗಂಟೆ ಹೇಗೋ ಅವರಿಗೆ ಮಾವಿನ ಮರದ ಮೇಲಿನ ಕೊಡಲಿಯ ಪೆಟ್ಟು ಹಾಗೆ. ಕಾಯಿಲೆಯವರಿರುವ ಮನೆಯ ಕಡೆಯಿಂದ ಆ ಸದ್ದು ಕೇಳಿತೆಂದರೆ ಯಾರೂ ಯಾರನ್ನೂ ವಿಚಾರಿಸುವುದಿಲ್ಲ. ಗಂಡಸರು ತಮ್ಮ ತಮ್ಮ ಕೊಡಲಿ, ಕತ್ತಿ ಹಿಡಿದು ಬಂದು ಸೀಳಲು ನಿಲ್ಲುತ್ತಾರೆ.

ಧರ್ಮಣ್ಣನ ಅಪ್ಪ ತೀರಿಕೊಂಡದ್ದು ಆಟಿ ತಿಂಗಳ ಜಡಿಮಳೆಯಲ್ಲಿ. ಆಗ ಈ ಹಿತ್ತಿಲಿನಲ್ಲಿ ಮಾವು ಇರಲಿಲ್ಲ. ನೆರೆಯವರ ಕಾಲು ಹಿಡಿದು ಒಂದು ಮರ ಪಡೆದರು, ಅದೋ ನೀರು ಕುಡಿದು ನಿಂತ ಹಸಿ ಮರ. ಚಿತೆ ಹಿಡಿಯಲಿಲ್ಲ. ಮಳೆ ಬಿಡಲಿಲ್ಲ. ಮರುದಿನವೂ ಹೊಗೆಯೇ ಹೊರತು ಬೆಂಕಿಯಿಲ್ಲ. ಗಂಡಸರು ಮತ್ತೆ ಮತ್ತೆ ತೆಂಗಿನ ಗೆರಟೆ, ಸೀಮೆಎಣ್ಣೆ ಹೊತ್ತು ಹೋದರು. ವಾರಿಜಕ್ಕ ಆಗ ಹೊಸ ಮದುಮಗಳು. ಗೆರಟೆಯ ಗೋಣಿ ಕೊಡಲು ಅರ್ಧ ದಾರಿ ಹೋದವಳು ನೋಡಬಾರದ್ದನ್ನು ನೋಡಿದಳು. ಏನೆಂದು ಅವಳು ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ಧರ್ಮಣ್ಣ ಅಂಗಳದ ಅಂಚಿನಲ್ಲಿ ಮಾವಿನ ಗಿಡ ನೆಟ್ಟ. ತನ್ನ ಕಟ್ಟಿಗೆಗಾಗಿ ಯಾರೂ ಬೇಡಬಾರದು ಎಂಬುದು ಅವನ ಹಟ. ವಾರಿಜಕ್ಕನಿಗೆ ಆ ಮಳೆಯಿಂದ ಬಂದದ್ದು ಹೆದರಿಕೆ ಮಾತ್ರ, ಅದು ಮರಕ್ಕಿಂತ ಬೇಗ ಬೆಳೆಯಿತು.

ಎಂಬತ್ತಮೂರರ ಬೇಸಿಗೆಯ ಮೊದಲಿಗೆ ಧರ್ಮಣ್ಣನಿಗೆ ಕಾಮಾಲೆ ಹಿಡಿಯಿತು. ಊರಿನ ಬೇರು, ಕಷಾಯವೆಲ್ಲ ಮುಗಿದು ಕಣ್ಣು ಅರಸಿನದಂತಾದ ಮೇಲೆ ನನ್ನ ಕಾರಿನಲ್ಲಿಯೇ ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಕೆಲವು ವಾರ ಆಸ್ಪತ್ರೆಯಲ್ಲಿದ್ದ. ಒಂದು ದಿನ ಡಾಕ್ಟರು ವಾರಿಜಕ್ಕನನ್ನು ಕರೆದು, "ಇನ್ನು ಮನೆಗೆ ಕರೆದುಕೊಂಡು ಹೋಗಿ, ಗಂಜಿ ಕೊಡಿ, ಮಳೆಗೆ ಮೊದಲು ಒಮ್ಮೆ ತಂದು ತೋರಿಸಿ" ಎಂದರು. ಡಾಕ್ಟರು ಹೇಳಿದ್ದು ಅಷ್ಟನ್ನೇ. ಆದರೆ ದೊಡ್ಡಾಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಆ ಮಾತು ಹೇಳಿಸಿಕೊಂಡವರನ್ನು ಎಷ್ಟೋ ಸಲ ನಾನೇ ಮನೆಗೆ ಮುಟ್ಟಿಸಿದ್ದೇನೆ, ಮತ್ತೆ ಅವರು ನನ್ನ ಕಾರು ಹತ್ತಿಲ್ಲ. ಆ ದಿನ ವಾರಿಜಕ್ಕ ಬಾಗಿಲು ಹಿಡಿಯಲಿಲ್ಲ. ಗಂಡನ ಕೈ ಹಿಡಿದು ಕುಳಿತಿದ್ದಳು.

ಮನೆಗೆ ಬಂದ ಧರ್ಮಣ್ಣ ಊಟ ಬಿಟ್ಟ. ಕಿಟಕಿಯ ಬಳಿ ಮಲಗಿ ಮಾವಿನ ಮರ ನೋಡುವುದು, ಅದೇ ಕೆಲಸ. ಗಂಜಿ ತಂದರೆ ಎರಡು ಗುಟುಕು ಕುಡಿದು ಮುಖ ತಿರುಗಿಸುತ್ತಿದ್ದ. ಒಂದು ದಿನ ಸಂತೆಯಲ್ಲಿ ವ್ಯಾಪಾರ ಮಾಡುವವನ ಹಾಗೆ ಮರವನ್ನು ಬುಡದಿಂದ ತುದಿಯವರೆಗೆ ನೋಡಿ ಹೇಳಿದನಂತೆ.

"ಸಾಕಾಗುತ್ತದೆ, ವಾರಿಜಾ. ಬೇಡಲಿಕ್ಕೆ ಹೋಗುವುದು ಬೇಡ."

"ಎಂತ ಮಾತು ನಿಮ್ಮದು?"

"ಬೇಸಿಗೆಯಲ್ಲಿಯೇ ಆದರೆ ಒಳ್ಳೆಯದಿತ್ತು. ಮಳೆ ಹಿಡಿದ ಮೇಲೆ ಮಾವು ಉರಿಯುವುದಿಲ್ಲ. ನಿನಗೆ ಗೊತ್ತುಂಟಲ್ಲ."

ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟ. ಹೆದರಿದವರ ಮೇಲೆ ಹಾವು ಎಸೆದಂತಾಯಿತು ಆ ಮಾತು. ಅಂದಿನಿಂದ ಅವಳು ಗಂಡನ ಮುಖ ನೋಡುವುದಕ್ಕಿಂತ ಹೆಚ್ಚು ಆಕಾಶ ನೋಡಿದಳು. ಪಡುಗಡಲ ಮೇಲೆ ಒಂದು ಕಪ್ಪು ಮೋಡ ಕಂಡರೆ ಒಲೆ ಬಿಟ್ಟು ಅಂಗಳಕ್ಕೆ ಓಡಿಬರುತ್ತಿದ್ದಳು. ಗಂಡ ಹೋಗುತ್ತಾನೆ ಎಂಬುದನ್ನು ಅವಳು ಅತ್ತು ಅತ್ತು ಒಪ್ಪಿಕೊಂಡಿದ್ದಳು. ಅರ್ಧ ಬೆಂದು ಮಳೆಯಲ್ಲಿ ಉಳಿಯುತ್ತಾನೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳಲು ಆಗಲಿಲ್ಲ. ಮೇ ತಿಂಗಳ ಒಂದು ಸಂಜೆ ಗುಡುಗಿ ನಾಲ್ಕು ಹನಿ ಬಿದ್ದದ್ದೇ ತಡ, ತಲೆಗೆ ಸೆರಗು ಎಳೆದುಕೊಂಡು ಮರ ಕಡಿಯುವ ಅಂಗಾರನ ಮನೆಗೆ ಹೋದಳು. ಮಾವನ್ನು ಈಗಲೇ ಕಡಿದು, ಸೀಳಿ, ಮನೆಯ ಹಿಂದೆ ತೆಂಗಿನ ಮಡಲು ಮುಚ್ಚಿ ಒಣಗಿಸಿಡಬೇಕು ಎಂದಳು.

ಅಂಗಾರ ಎದ್ದೇ ನಿಂತುಬಿಟ್ಟ. "ಅಕ್ಕ, ಒಳಗೆ ಉಸಿರಾಡುವವ ಇರುವಾಗ ಮಾವಿಗೆ ಕೊಡಲಿ ಹಾಕುವುದು ಉಂಟಾ? ಅದು ಕರೆದ ಹಾಗೆ ಆಗುತ್ತದೆ."

"ಇವರ ಅಪ್ಪನನ್ನು ಸುಡಲಿಕ್ಕೆ ನೀನೂ ಹೋಗಿದ್ದಿ, ಅಂಗಾರ. ಆ ಮಳೆಯಲ್ಲಿ. ನೆನಪುಂಟಾ?"

ಅಂಗಾರನಿಗೂ ನೆನಪಿತ್ತು. ಯಾವ ದಿನ ಎಂದು ಕೇಳಿದ. ಧರ್ಮಣ್ಣನನ್ನು ತೋರಿಸಲು ಮಣಿಪಾಲಕ್ಕೆ ಕರೆದೊಯ್ಯುವ ದಿನ ಎಂದು ಅವಳೇ ಲೆಕ್ಕ ಹಾಕಿಟ್ಟಿದ್ದಳು. ಕೊಡಲಿಯ ಸದ್ದು ಅವನ ಕಿವಿಗೆ ಬೀಳಬಾರದು. ಸಂಜೆ ಬರುವಾಗ ಎಲ್ಲ ಮುಗಿದಿರಬೇಕು. ಮರ ಎಲ್ಲಿ ಎಂದು ಅವನು ಕೇಳಿದರೆ ಕರೆಂಟಿನ ತಂತಿ ಎಳೆಯುವವರು ಕಡಿದರು ಎಂದರಾಯಿತು. "ಯಾರು ಎಂತ ಕೇಳಿದರೂ ಬಾಯಿ ಬಿಡಬಾರದು" ಎಂದು ಅಂಗಾರನಿಂದ ದೈವದ ಮೇಲೆ ಆಣೆ ಹಾಕಿಸಿಕೊಂಡಳು. ಊರಿನವರ ಕಿವಿಯ ವಿಷಯ ಅವಳ ತಲೆಗೆ ಹೊಳೆಯಲೇ ಇಲ್ಲ. ಹೆದರಿಕೆಗೆ ಒಂದೇ ಕಣ್ಣು, ಅದು ಎದುರಿಗಿರುವುದನ್ನು ಮಾತ್ರ ನೋಡುತ್ತದೆ.

ಇದೊಂದೂ ತಿಳಿಯದೆ ನಾನು ಬೆಳಿಗ್ಗೆ ಕಾರು ತಂದೆ. ಧರ್ಮಣ್ಣನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಒರಗಿಸಿದೆವು. ಕಾರು ಓಣಿ ದಾಟುವವರೆಗೆ ವಾರಿಜಕ್ಕ ಹಿಂದಿನ ಗಾಜಿನಿಂದ ಮರ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆ ಒತ್ತಿದರು, ರಕ್ತ ತೆಗೆಸಿ ಕಾಯಿಸಿದರು. ಮಧ್ಯಾಹ್ನದ ನಂತರ ಕರೆದು ವಾರಿಜಕ್ಕನಿಗೆ ಗದರಿದರು.

"ಇವರಿಗೆ ಈಗ ಕಾಯಿಲೆ ಇಲ್ಲಮ್ಮ, ಊಟ ಇಲ್ಲ. ಕಾಮಾಲೆ ಇಳಿದಿದೆ. ನಾನು ಅವತ್ತೇ ಗಂಜಿ ಕೊಡಿ ಎಂದಿರಲಿಲ್ಲವೇ? ಹೀಗೆ ಉಪವಾಸ ಹಾಕಿದರೆ ಗಟ್ಟಿಮುಟ್ಟಾದವನೂ ಸಾಯುತ್ತಾನೆ."

ಒಳ್ಳೆಯ ಸುದ್ದಿ ಕೇಳಿದವರ ಮುಖ ನಾನು ನೋಡಿದ್ದೇನೆ. ವಾರಿಜಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ಧರ್ಮಣ್ಣನಿಗಂತೂ ಡಾಕ್ಟರ ಮಾತು ನಾಟಲೇ ಇಲ್ಲ. "ಅವರು ಹಾಗೆ ಹೇಳಲೇಬೇಕಲ್ಲ ಮಾರಾಯ, ಅವರ ಕೆಲಸ ಅದು" ಎಂದು ನನಗೆ ಸಮಾಧಾನ ಹೇಳಿ, ಕಾರಿನಲ್ಲಿ ಕಣ್ಣು ಮುಚ್ಚಿ ಮಲಗಿದ.

"ಬೇಗ ಹೋಗಿ ಪೊರ್ಬುಗಳೇ" ಎಂದಳು ವಾರಿಜಕ್ಕ.

ನಾನು ಕನ್ನಡಿಯಲ್ಲಿ ಅವಳನ್ನು ನೋಡಿದೆ. ಇಷ್ಟು ವರ್ಷದಲ್ಲಿ ನಿಧಾನ, ನಿಧಾನ ಎಂಬ ಮಾತು ಬಿಟ್ಟು ಬೇರೆ ಕೇಳಿದವನಲ್ಲ. ಉಡುಪಿಯಲ್ಲಿ ಪೆಟ್ರೋಲಿಗೆ ನಿಲ್ಲಿಸಿದಾಗ ಅವಳು ಇಳಿದು ನನ್ನ ಹತ್ತಿರ ಬಂದಳು. ಪಂಪಿನ ಸದ್ದಿನ ಮರೆಯಲ್ಲಿ ಎಲ್ಲವನ್ನೂ ಹೇಳಿದಳು, ಮಾವನ ಚಿತೆ, ಅಂಗಾರ, ಆಣೆ, ಎಲ್ಲ. "ಬದುಕುವವನ ಮರ ಕಡಿಸಿದೆನಲ್ಲ. ಅರ್ಧ ಕಡಿದಿದ್ದರೂ ನಿಲ್ಲಿಸಬಹುದು, ಅಲ್ವಾ? ಅರ್ಧ ಕಡಿದ ಮರ ಚಿಗುರುತ್ತದೆ, ಅಲ್ವಾ?" ಎಂದು ನನ್ನ ತೋಳು ಹಿಡಿದಳು. ಚಿಗುರುತ್ತದೆ ಎಂದೆ. ಗಡಿಯಾರ ನೋಡಿದೆ. ಅಂಗಾರನ ಕೈ ಎಂಥದ್ದು ಎಂದು ನನಗೆ ಗೊತ್ತಿತ್ತು.

ಕಟಪಾಡಿ ದಾಟುವಾಗ ಧರ್ಮಣ್ಣ ಎಚ್ಚರಗೊಂಡ. ಕಾಪುವಿನಲ್ಲಿ ಗುಣವತಿಯನ್ನು ಒಮ್ಮೆ ನೋಡಿ ಹೋಗುವ ಎಂದ. ಇನ್ನು ನೋಡಲು ಸಿಗುತ್ತಾಳೋ ಇಲ್ಲವೋ ಎಂದೂ ಸೇರಿಸಿದ. ಬೇಡ ಎಂದು ಹೇಳುವುದು ಹೇಗೆ? ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಮಗಳ ಮನೆ ರಸ್ತೆಯ ಬದಿಯಲ್ಲಿಯೇ ಇತ್ತು. ಬಾಗಿಲಿಗೆ ಬೀಗ. ನಾನು ಇಳಿದು ಕರೆದೆ. ಪಕ್ಕದ ಮನೆಯಿಂದ ವೆರೊನಿಕಾ ಬಾಯಿ ಬಂದಳು, ನಮ್ಮವಳೇ, ನನ್ನ ಗುರುತಿನವಳು. ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದಳು.

"ಅವರು ಬೆಳಿಗ್ಗೆಯೇ ಎರ್ಮಾಳಿಗೆ ಹೋದರಲ್ಲ. ಗುಣವತಿಯ ಅಪ್ಪ ತೀರಿಕೊಂಡರಂತೆ, ಮಣಿಪಾಲದಲ್ಲಿ. ಸೈಕಲ್ಲಿನಲ್ಲಿ ಯಾರೋ ಬಂದು ಹೇಳಿದರು. ನಿನಗೆ ಗೊತ್ತಿಲ್ಲವಾ?"

ಹೇಳುತ್ತಾ ಹೇಳುತ್ತಾ ಅವಳ ದೃಷ್ಟಿ ಕಾರಿನ ಹಿಂದಿನ ಕಿಟಕಿಯ ಕಡೆ ಹೋಯಿತು. ಅಲ್ಲಿ ಧರ್ಮಣ್ಣ, ಎಲುಬಿನ ಮುಖ, ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿದ್ದ. ವೆರೊನಿಕಾ ಬಾಯಿ ಶಿಲುಬೆಯ ಗುರುತು ಹಾಕಿಕೊಂಡು ಹಿಂದೆ ಹಿಂದೆ ಸರಿದು ಮನೆಯೊಳಗೆ ಹೋಗಿ ಬಾಗಿಲು ಹಾಕಿದಳು. ಊರು ಕೊಡಲಿಯ ಸದ್ದು ಕೇಳಿದೆ ಎಂಬುದು ಆಗ ಅರ್ಥವಾಯಿತು.

"ಎಂತಂತೆ?" ಎಂದ ಧರ್ಮಣ್ಣ.

"ಮನೆಯಲ್ಲಿ ಇಲ್ಲವಂತೆ, ಪೇಟೆಗೆ ಹೋಗಿದ್ದಾಳಂತೆ."

ವಾರಿಜಕ್ಕ ನನ್ನ ಮುಖ ನೋಡಿ ಎಲ್ಲವನ್ನೂ ಓದಿಕೊಂಡಳು. ಉಚ್ಚಿಲದಲ್ಲಿ ಕಾರು ತಿರುಗಿಸಿ ಧರ್ಮಣ್ಣನನ್ನು ನನ್ನ ಮನೆಗೆ ಕರೆದುಕೊಂಡು ಹೋಗಲೇ ಎಂದು ಒಮ್ಮೆ ಯೋಚಿಸಿದೆ. ಆದರೆ ಎಷ್ಟು ದಿನ ಬಚ್ಚಿಡುವುದು, ಏನೆಂದು ಹೇಳುವುದು? ತಲೆ ಓಡಲಿಲ್ಲ. ಕಾರು ತಾನಾಗಿಯೇ ಹೋದಂತೆ ಎರ್ಮಾಳಿನ ಓಣಿಗೆ ಇಳಿಯಿತು.

ಓಣಿಯಲ್ಲಿ ಗಂಡಸರು ತಲೆಗೆ ಬೈರಾಸು ಸುತ್ತಿ ನಿಂತಿದ್ದರು, ಕೈಯಲ್ಲಿ ಕೊಡಲಿ. ಕಾರು ಕಂಡದ್ದೇ ಬೈರಾಸು ಬಿಚ್ಚಿ ದಾರಿ ಬಿಟ್ಟರು. ಅವರ ಲೆಕ್ಕದಲ್ಲಿ ಕಾರಿನಲ್ಲಿ ಬರುತ್ತಿರುವುದು ಹೆಣ. ಅಂಗಳ ಕಾಣುತ್ತಿದ್ದಂತೆ ಹೆಂಗಸರ ಅಳು ಎದ್ದಿತು. ಮಾವು ಇದ್ದಲ್ಲಿ ಬರೀ ಬೆಳಕು. ಮರ ಪೂರ್ತಿ ಉರುಳಿ, ತುಂಡಾಗಿ, ಸೀಳಾಗಿ, ಬೇಲಿಯ ಪಕ್ಕ ಅಟ್ಟಿಯಾಗಿ ಕುಳಿತಿತ್ತು. ಅಂಗಾರ ಒಬ್ಬನಿಂದ ಅಷ್ಟು ಕೆಲಸ ಆಗುತ್ತಿರಲಿಲ್ಲ, ಇಡೀ ಊರು ಕೈ ಹಚ್ಚಿತ್ತು. ಮುಗಿಯಿತಾ ಎಂದು ಎಲ್ಲರೂ ಅಂಗಾರನನ್ನು ಕೇಳಿದ್ದರಂತೆ. ಅವನು ಆಣೆ ನೆನೆದು ತಲೆ ತಗ್ಗಿಸಿ ಸುಮ್ಮನಿದ್ದನಂತೆ. ಸುಮ್ಮನಿದ್ದದ್ದೇ ಉತ್ತರವಾಯಿತು.

ನಾನು ಕಾರು ನಿಲ್ಲಿಸುವ ಮೊದಲೇ ಗುಣವತಿ ಕೂದಲು ಬಿಚ್ಚಿಕೊಂಡು ಓಡಿಬಂದು ಹಿಂದಿನ ಬಾಗಿಲು ಎಳೆದಳು. ಅಪ್ಪ ಕುಳಿತಿದ್ದ. ಅವಳ ಬಾಯಲ್ಲಿದ್ದ ಅಳು ಅಲ್ಲಿಯೇ ನಿಂತುಹೋಯಿತು. ಒಬ್ಬರ ನಂತರ ಒಬ್ಬರಾಗಿ ಹೆಂಗಸರೂ ಸುಮ್ಮನಾದರು. ಬದುಕಿದ್ದಾನೆ ಎಂದು ಸಂತೋ‌ಷಪಟ್ಟ ಒಂದು ಮುಖವೂ ನನಗೆ ಕಾಣಲಿಲ್ಲ. ಎಲ್ಲರೂ ಹೆದರಿದ್ದರು. ಮುಂದಿದ್ದವರು ಎರಡು ಹೆಜ್ಜೆ ಹಿಂದೆ ಹೋದರು. ಸತ್ತವನೆಂದು ಅತ್ತಾಗಿದೆ, ಕಟ್ಟಿಗೆ ಸೀಳಿಯಾಗಿದೆ, ಈಗ ಅವನು ಕಣ್ಣು ಮಿಟುಕಿಸಿದರೆ ಯಾರಾದರೂ ಏನು ಮಾಡಬೇಕು?

ಧರ್ಮಣ್ಣ ಇಳಿಯಲು ಕೈ ಚಾಚಿದ. ನಾನೂ ಅಂಗಾರನೂ ಹಿಡಿದು ಇಳಿಸಿದೆವು. ಅವನು ಮರವಿದ್ದ ಕಡೆ ನೋಡಿದ, ಅಟ್ಟಿಯ ಕಡೆ ನೋಡಿದ, ಕಾರಿನ ಪಕ್ಕ ನೆಲದಲ್ಲಿ ಕುಸಿದು ಮುಖಕ್ಕೆ ಸೆರಗು ಹಾಕಿಕೊಂಡಿದ್ದ ಹೆಂಡತಿಯ ಕಡೆ ನೋಡಿದ. ಅವನಿಗೆ ಅರ್ಥವಾಗಲು ಯಾರೂ ಏನೂ ಹೇಳಬೇಕಾಗಲಿಲ್ಲ. ಅವನೂ ಆ ಆಟಿಯ ಮಳೆಯಲ್ಲಿ ನೆನೆದವನೇ.

"ಎಲ್ಲ ಸೀಳಿ ಆಯಿತಾ, ಅಂಗಾರ?"

"ಆಯಿತು ಧರ್ಮಣ್ಣ."

"ಹಾಗಾದರೆ ಮಡಲು ಮುಚ್ಚು. ಮಳೆ ಬರುವ ಹಾಗೆ ಉಂಟು."

ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಕಿಟಕಿಯಲ್ಲಿ ನೋಡಲು ಇನ್ನೇನೂ ಉಳಿದಿರಲಿಲ್ಲ.

ವಾರಿಜಕ್ಕನ ನಿಜವಾದ ಹೆದರಿಕೆ ಶುರುವಾದದ್ದು ಅಲ್ಲಿಂದ. ಸಾವಿಗೆಂದು ಕಡಿದ ಕಟ್ಟಿಗೆಯನ್ನು ಬೇರೆ ಯಾವುದಕ್ಕೂ ಮುಟ್ಟುವ ಹಾಗಿಲ್ಲ. ಒಲೆಗೆ ಹಾಕುವ ಹಾಗಿಲ್ಲ, ಮಾರುವ ಹಾಗಿಲ್ಲ, ಕೊಟ್ಟರೆ ತೆಗೆದುಕೊಳ್ಳುವವರೂ ಇಲ್ಲ. ಹಾಗೆಯೇ ಬಿಟ್ಟರೆ ಅಟ್ಟಿ ಕಾದು ಕುಳಿತಿರುತ್ತದೆ, ಆ ಮನೆಯಿಂದ ಒಬ್ಬರನ್ನು ತೆಗೆದುಕೊಂಡೇ ಮುಗಿಯುತ್ತದೆ ಎಂದು ಹೇಳಲು ಜನಕ್ಕೇನು ಬರ? ಆ ಮಾತಿಗೆ ಹೆದರಿ ಗುಣವತಿಯನ್ನು ಅವಳ ಗಂಡ ಅದೇ ದಿನ ಕಾಪುವಿಗೆ ಕರೆದುಕೊಂಡು ಹೋದ, ಮತ್ತೆ ಕಳುಹಿಸಲಿಲ್ಲ. ಮಳೆಯೂ ಹಿಡಿಯಿತು. ಮಡಲಿನಡಿ ಕಟ್ಟಿಗೆ ಒಣಗುತ್ತಿತ್ತು, ಒಳಗೆ ಧರ್ಮಣ್ಣನೂ ಒಣಗುತ್ತಿದ್ದ. ಅವನು ಜೀವನವಿಡೀ ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವನಲ್ಲ. ಮರ ಬೆಳೆದಾಯಿತು, ಕಡಿದಾಯಿತು, ಸೀಳಿ ಆಯಿತು, ಬಾಕಿ ಉಳಿದದ್ದು ತನ್ನ ಪಾಲಿನದ್ದು ಎಂಬಂತೆ ಮಲಗಿದ್ದ. ಬೆಳಿಗ್ಗೆ ಎದ್ದ ಕೂಡಲೇ ವಾರಿಜಕ್ಕ ಅವನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದಳು. ಉಸಿರು ತಾಗಿದ ಮೇಲೆಯೇ ಬಾಗಿಲು ತೆರೆಯುವುದು.

ಒಂದು ದಿನ ಮಳೆಯಲ್ಲಿಯೇ ಉಚ್ಚಿಲಕ್ಕೆ ಬಂದು ನನ್ನನ್ನು ಬೇಡಿಕೊಂಡಳು. "ನೀವು ಕೊಂಡುಹೋಗಿ ಪೊರ್ಬುಗಳೇ. ನಿಮ್ಮಲ್ಲಿ ಇದೆಲ್ಲ ಇಲ್ಲವಲ್ಲ." ನಮ್ಮಲ್ಲಿ ಇಲ್ಲ, ನಿಜ. ಆದರೆ ಆ ಅಂಗಳದಲ್ಲಿ ನಿಂತವನಿಗೆ ಆ ಮಾತು ಹೇಳುವ ಧೈರ್ಯ ಬರಲಿಲ್ಲ. ನನ್ನ ಹೆಂಡತಿ ಜೆಸ್ಸಿಯಂತೂ ಅಡುಗೆಮನೆಯಿಂದಲೇ ತಲೆ ಅಲ್ಲಾಡಿಸಿದಳು. ಕಡಲಿಗೆ ಹಾಕಬಾರದೇ ಎಂದೆ. ಮಳೆಗಾಲದ ಕಡಲು ಕೊಟ್ಟದ್ದನ್ನೆಲ್ಲ ಮರುದಿನ ದಡಕ್ಕೆ ತಂದು ಹಾಕುತ್ತದೆ ಎಂದಳು ವಾರಿಜಕ್ಕ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಕೊಡೆ ಬಿಚ್ಚಿ ಹೊರಟುಹೋದಳು.

ಆಮೇಲೆ ನಡೆದದ್ದನ್ನು ಅವಳೇ ನನಗೆ ಹೇಳಿದ್ದು. ಜಡಿಮಳೆ ಹಿಡಿದು ಒಲೆಯ ಬಳಿ ಇಟ್ಟಿದ್ದ ಮಡಲು, ಸಿಪ್ಪೆಯೆಲ್ಲ ನೀರಾಗಿತ್ತು. ಗಂಜಿಗೆ ಅಕ್ಕಿ ತೊಳೆದಿಟ್ಟು ಅಂಗಳಕ್ಕೆ ಬಂದು ನಿಂತಳು. ಅಟ್ಟಿ ಅವಳನ್ನು ನೋಡುತ್ತಿತ್ತು. "ನನಗೆ ಧೈರ್ಯ ಬಂತು ಅಂತ ತಿಳಿಯಬೇಡಿ. ಅದನ್ನು ನೋಡಿ ನೋಡಿ ಇನ್ನೊಂದು ದಿನ ಹೆದರಲಿಕ್ಕೆ ನನ್ನಲ್ಲಿ ಜೀವ ಇರಲಿಲ್ಲ. ಅದು ಮುಗಿಯಬೇಕಿತ್ತು. ಅವರ ಹೆಸರಿನ ಕಟ್ಟಿಗೆ ಅವರ ಮೇಲೆಯೇ ಮುಗಿಯಲಿ, ಆದರೆ ಗಂಜಿಯಲ್ಲಿ ಮುಗಿಯಲಿ ಅಂತ ಒಂದು ಸೀಳು ಎಳೆದೆ. ಪಾಪ ಬಂದರೆ ನನಗೆ ಬರಲಿ." ಆ ಗಂಜಿಯನ್ನು ಗಂಡನಿಗೆ ಕೊಡುವ ಮೊದಲು ತಾನೇ ಒಂದು ಬಟ್ಟಲು ಕುಡಿದು, ಏನಾದರೂ ಆಗುತ್ತದೋ ಎಂದು ಬಾಗಿಲಿಗೆ ಒರಗಿ ಕಾದಳಂತೆ. ಏನೂ ಆಗಲಿಲ್ಲ. ಧರ್ಮಣ್ಣ ಎಂದಿನಂತೆ ಎರಡು ಗುಟುಕು ಕುಡಿದು ಗೋಡೆಗೆ ತಿರುಗಿದ.

ಅದರ ನಂತರದ ವಾರವೋ ಏನೋ, ಮಣಿಪಾಲದಿಂದ ತರಿಸಿದ ಟಾನಿಕ್ ಕೊಡಲು ನಾನು ಹೋಗಿದ್ದೆ. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಹೊಗೆ ಮೇಲೇರಲಾರದೆ ಅಡುಗೆಮನೆಯಿಂದ ಚಾವಡಿಗೆ, ಚಾವಡಿಯಿಂದ ಧರ್ಮಣ್ಣನ ಕೋಣೆಗೆ ಹರಡಿತ್ತು. ವಾರಿಜಕ್ಕ ಗಂಜಿಯ ಬಟ್ಟಲು ಹಿಡಿದು ಅವನ ಪಕ್ಕ ಬಂದು ನಿಂತಳು. ಗೋಡೆಯ ಕಡೆಗಿದ್ದ ಧರ್ಮಣ್ಣ ಮೂಗರಳಿಸಿ ಉಸಿರೆಳೆದುಕೊಂಡ. ಯಾವ ಮರದ ಹೊಗೆ ಯಾವುದೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲವನು. ಇಷ್ಟು ದಿನ ಅವನಿಗೆ ಗೊತ್ತಾಗಿರಲಿಲ್ಲ ಎಂದು ನಾನು ನಂಬುವುದಿಲ್ಲ.

"ಮಾವಿನದ್ದು, ಅಲ್ವಾ?" ಎಂದ.

ವಾರಿಜಕ್ಕ ಬಟ್ಟಲನ್ನು ಎದೆಗೆ ಒತ್ತಿ ಹಿಡಿದಳು. ಅವಳು "ಹೌದು" ಎಂದಳು. ಆ ಸ್ವರ ಅವಳದ್ದೇ ಎಂದು ನನಗೆ ಅನಿಸಲಿಲ್ಲ.

ಧರ್ಮಣ್ಣ ಗೋಡೆ ಬಿಟ್ಟು ಈ ಕಡೆ ತಿರುಗಿದ. ಅಂಗೈ ಊರಿ, ಯಾರ ಸಹಾಯವೂ ಇಲ್ಲದೆ, ನಿಧಾನವಾಗಿ ಎದ್ದು ಕುಳಿತ.

"ಅಟ್ಟಿಯ ಮೇಲಿನ ಸಾಲಿಗೆ ಎರಚಲು ಹೊಡೆದಿರುತ್ತದೆ, ಅದಕ್ಕೇ ಇಷ್ಟು ಹೊಗೆ" ಎಂದ. "ನಾಳೆಯಿಂದ ಒಳಗಿನದ್ದು ತೆಗೆ."

ಬಟ್ಟಲಿಗೆ ಕೈ ಚಾಚಿ, ಉಪ್ಪು ಹಾಕಿದ್ದೀಯಾ ಎಂದು ಕೇಳಿದ.